ಒಂದು ಹನಿ ಕುಡಿಯಲ್ಲ, ಆದ್ರೂ ಫ್ಯಾಟಿ ಲಿವರ್ ಅಂತೆ!

ಪ್ರಶ್ನೆ (ದಾವಣಗೆರೆಯ ಸದಸ್ಯರು, 42 ವರ್ಷ): ಮೇಡಂ, ನಮಸ್ಕಾರ. ಹೊಟ್ಟೆನೋವು ಅಂತ ಸ್ಕ್ಯಾನಿಂಗ್ ಮಾಡಿಸಿದ್ದೆ. ನೋವು ಎರಡೇ ದಿನಕ್ಕೆ ಹೋಯಿತು. ಆದರೆ ರಿಪೋರ್ಟಿನಲ್ಲಿ ‘ಗ್ರೇಡ್ 1 ಫ್ಯಾಟಿ ಲಿವರ್’ ಅಂತ ಬರೆದಿದ್ದಾರೆ. ನಾನು ಕುಡಿಯುವವನೇ ಅಲ್ಲ. ಈಗ ನಮ್ಮ ಭಾವ ನನ್ನನ್ನು ನೋಡಿ ನಗುತ್ತಾರೆ! ಎತ್ತರ 5 ಅಡಿ 6 ಇಂಚು, ತೂಕ 82 ಕೆಜಿ. ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ, ಬೆಳಿಗ್ಗೆಯಿಂದ ರಾತ್ರಿವರೆಗೆ ಕೂತೇ ಇರುತ್ತೇನೆ. ಟೀ ದಿನಕ್ಕೆ ಆರು ಸಲ. ಲಿವರ್ ರಕ್ತಪರೀಕ್ಷೆಯಲ್ಲಿ ಎಸ್‌ಜಿಪಿಟಿ ನಾರ್ಮಲ್ ಇದೆ. ಬೆಣ್ಣೆ ದೋಸೆ ಬಿಟ್ಟಿದ್ದೇನೆ. ಲಿವರ್ ಟಾನಿಕ್ ಶುರು ಮಾಡಲಾ?

ಉತ್ತರ (ಲಿವರ್ ವೈದ್ಯೆ): ಫ್ಯಾಟಿ ಲಿವರ್ ಅಂದರೆ ಲಿವರ್‌ನಲ್ಲಿ ಕೊಬ್ಬು ತುಂಬಿಕೊಳ್ಳುವುದು. ನಿಮ್ಮ ಭಾವನಿಗೆ ಹೇಳಿ, ಕುಡಿಯದವರಿಗೂ ಇದು ಬರುತ್ತದೆ. ನನ್ನ ಹತ್ತಿರ ಬರುವವರಲ್ಲಿ ಅಂಥವರು ಬೇಕಾದಷ್ಟು ಜನ. 2023ರಲ್ಲಿ ವೈದ್ಯರು ಈ ಕಾಯಿಲೆಯ ಹೆಸರನ್ನೇ ಬದಲಿಸಿದರು. ಹಳೆಯ ಹೆಸರಿನಲ್ಲಿ ‘ಆಲ್ಕೋಹಾಲ್’ ಇತ್ತು, ಹೊಸದರಲ್ಲಿ ಇಲ್ಲ.

ಟಾನಿಕ್ ಬೇಡ. ಮೊದಲು ನಿಮ್ಮ ಟೀ ಲೆಕ್ಕ ಹಾಕೋಣ, ನೀವು ಹೇಗೂ ಲೆಕ್ಕದವರು. ಆರು ಟೀ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಅಂದುಕೊಳ್ಳಿ. ಹನ್ನೆರಡು ಚಮಚ, ಅಂದರೆ ಸುಮಾರು 50 ಗ್ರಾಂ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಕ್ಕರೆಯಲ್ಲಿ ಅರ್ಧ ಭಾಗ ಫ್ರಕ್ಟೋಸ್. ಅದರ ಹೆಚ್ಚಿನ ಪಾಲನ್ನು ಅರಗಿಸಬೇಕಾದ್ದು ಲಿವರ್. ಜಾಸ್ತಿಯಾದದ್ದನ್ನು ಅದು ಕೊಬ್ಬು ಮಾಡಿ ಇಟ್ಟುಕೊಳ್ಳುತ್ತದೆ. ಬೆಲ್ಲದ ಟೀ ಕುಡಿದರೂ ಕಥೆ ಅದೇ. ಬೆಣ್ಣೆ ದೋಸೆ ಬಿಟ್ಟಿದ್ದು ತಪ್ಪಲ್ಲ, ಆದರೆ ತಿಂಗಳಿಗೆ ಎರಡು ಸಲ ತಿನ್ನುವ ದೋಸೆಗಿಂತ ದಿನಾ ಕುಡಿಯುವ ಟೀ ದೊಡ್ಡ ಕಳ್ಳ.

ಎರಡನೆಯದು ತಟ್ಟೆ. ಅನ್ನವನ್ನು ಅರ್ಧ ಮಾಡಿ, ಪಲ್ಯ, ಸೊಪ್ಪಿನ ಸಾರು, ಕಾಳು ಜಾಸ್ತಿ ಮಾಡಿ. ಮುದ್ದೆ ಒಳ್ಳೆಯದು ಅಂತ ಎರಡು ಮುದ್ದೆ ನುಂಗಬೇಡಿ, ಅದೂ ಪಿಷ್ಟವೇ. ಸಂಜೆ ಮಂಡಕ್ಕಿ ಇರಲಿ, ಜೊತೆಗೆ ಮಿರ್ಚಿ ಬೇಡ. ಊಟವಾದ ಮೇಲೆ ನಡೆಯಿರಿ. ವಾರಕ್ಕೆ 150 ನಿಮಿಷ, ಸ್ವಲ್ಪ ಏದುಸಿರು ಬರುವಷ್ಟು ಬಿರುಸಾಗಿ.

ತೂಕ 7ರಿಂದ 10 ಶೇಕಡಾ ಇಳಿದರೆ ಕೊಬ್ಬಿನ ಜೊತೆ ಲಿವರ್ ಉರಿಯೂತವೂ ತಗ್ಗುತ್ತದೆ. ನಿಮಗೆ ಅದು 6ರಿಂದ 8 ಕೆಜಿ. ಆರೇಳು ತಿಂಗಳು ತೆಗೆದುಕೊಳ್ಳಿ. ಉಪವಾಸ ಬಿದ್ದು ಒಂದೇ ತಿಂಗಳಲ್ಲಿ ಇಳಿಸಲು ಹೋದರೆ ಪಿತ್ತಕೋಶದಲ್ಲಿ ಕಲ್ಲಾಗಬಹುದು.

ಎಸ್‌ಜಿಪಿಟಿ ನಾರ್ಮಲ್ ಅಂತ ಸುಮ್ನೆ ಕೂರಬೇಡಿ, ಕೊಬ್ಬಿದ್ದರೂ ಅದು ನಾರ್ಮಲ್ ಬರಬಹುದು. ಸ್ಕ್ಯಾನಿಂಗಿನ ಗ್ರೇಡ್ ಹೇಳುವುದು ಕೊಬ್ಬಿನ ಪ್ರಮಾಣ, ಲಿವರ್ ಗಟ್ಟಿಯಾಗುತ್ತಿದೆಯಾ ಅನ್ನುವುದನ್ನಲ್ಲ. ಅದರ ಅಂದಾಜಿಗೆ ನಿಮ್ಮ ವಯಸ್ಸು, ರಕ್ತಪರೀಕ್ಷೆಯ ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್ ಇಷ್ಟಿದ್ದರೆ ಸಾಕು. ಫಿಬ್-4 ಅನ್ನುವ ಲೆಕ್ಕ ಸಿಗುತ್ತದೆ. ಅದು ಜಾಸ್ತಿ ಬಂದರೆ ಮಾತ್ರ ಫೈಬ್ರೋಸ್ಕ್ಯಾನ್, ಅಂದರೆ ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಸ್ಕ್ಯಾನ್. ಶುಗರ್, ಕೊಲೆಸ್ಟ್ರಾಲ್, ಹೆಪಟೈಟಿಸ್ ಬಿ ಮತ್ತು ಸಿ ಇವನ್ನೂ ಒಮ್ಮೆ ನೋಡಿಸಿ.

ಇನ್ನೊಬ್ಬ ಸದಸ್ಯೆ: ಮೇಡಂ, ನಮ್ಮತ್ತೆ ಲಿವರ್ ಕ್ಲೀನ್ ಆಗುತ್ತೆ ಅಂತ ದಿನಾ ಅಮೃತಬಳ್ಳಿ ಕಷಾಯ ಕುಡಿಯುತ್ತಾರೆ. ಪರವಾಗಿಲ್ವಾ?

ಉತ್ತರ: ಲಿವರ್‌ಗೆ ತೊಳೆಯುವವರು ಬೇಡಮ್ಮ, ತೊಳೆಯುವುದೇ ಅದರ ಕೆಲಸ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕುಡಿದ ಕೆಲವರಿಗೆ ಲಿವರ್ ಊತ ಬಂದದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ನನ್ನ ಮಾತು ಕೇಳುವುದಾದರೆ, ದಿನಾ ಕುಡಿಯುವುದನ್ನು ನಿಲ್ಲಿಸಿ. ಕಣ್ಣು ಹಳದಿ, ಮೂತ್ರ ಗಾಢ ಬಣ್ಣ ಅಥವಾ ವಿಪರೀತ ಸುಸ್ತು ಕಂಡರೆ ಅವತ್ತೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ಕುಡಿದದ್ದನ್ನು ಮುಚ್ಚಿಡದೆ ಹೇಳಿ.

ಮತ್ತೊಬ್ಬರು: ನನಗೂ ಗ್ರೇಡ್ 1 ಇದೆ. ವಿಸ್ಕಿ ಬಿಟ್ಟು ಭಾನುವಾರ ಒಂದೇ ಒಂದು ಬಿಯರ್. ಇದು ಸೇಫ್ ಅಲ್ವಾ?

ಉತ್ತರ: 650 ಎಂಎಲ್ ಬಾಟಲಿ, 5 ಶೇಕಡಾ ಬಿಯರ್ ಅಂದರೆ ಸುಮಾರು 25 ಗ್ರಾಂ ಆಲ್ಕೋಹಾಲ್. 60 ಎಂಎಲ್ ವಿಸ್ಕಿಯಲ್ಲಿ ಸುಮಾರು 20. ಸ್ಟ್ರಾಂಗ್ ಬಿಯರ್ ಆದರೆ ಇನ್ನೂ ಜಾಸ್ತಿ. ಕೊಬ್ಬಿರುವ ಲಿವರ್‌ಗೆ ಎರಡೂ ಬೇಡ.

ಮೊದಲ ಸದಸ್ಯರು: ಥ್ಯಾಂಕ್ಸ್ ಮೇಡಂ. ಇವತ್ತಿನಿಂದ ಮೂರು ಟೀ, ಅರ್ಧರ್ಧ ಚಮಚ. ಸಕ್ಕರೆ ಇಲ್ಲದ ಕಾಫಿ ಕುಡಿಯಬಹುದಾ?

ಉತ್ತರ: ಧಾರಾಳವಾಗಿ. ಕಾಫಿ ಕುಡಿಯುವವರಲ್ಲಿ ಲಿವರ್ ಗಟ್ಟಿಯಾಗುವುದು ಕಡಿಮೆ ಅಂತ ಹಲವು ಅಧ್ಯಯನಗಳು ಹೇಳಿವೆ. ಎರಡು ಮೂರು ಕಪ್ ಸಾಕು, ನಿದ್ದೆ ಕೆಡದ ಹಾಗೆ. ಮತ್ತೆ ಟೇಪ್ ತಂದು ಸೊಂಟ ಅಳೆಯಿರಿ. ಗಂಡಸರಿಗೆ 90 ಸೆಂ.ಮೀ. ದಾಟಬಾರದು. ಭಾವನ ಸೊಂಟವನ್ನೂ ಅಳೆದುಬಿಡಿ.