ಪದಚರ್ಚೆ: ‘ವೈಡ್ ಬೆಲ್ಟ್’ ಯಂತ್ರದ ಎರಡು ಕೆಲಸಗಳಿಗೆ ಒಂದೇ ‘ಉಜ್ಜು’ ಸಾಕೇ?

ಮಾನ್ಯರೆ,

ಪೀಠೋಪಕರಣ ತಯಾರಿಸುವ ಕಾರ್ಖಾನೆಯೊಂದರ ಕೆಲಸಗಾರರಿಗಾಗಿ ಮರದ ಹಲಗೆಗಳ ಮೈಯನ್ನು ಉಜ್ಜುವ ವೈಡ್ ಬೆಲ್ಟ್ ಸ್ಯಾಂಡರ್ ಯಂತ್ರದ ಕೈಪಿಡಿಯನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಯಂತ್ರದ ಹೆಸರಿನ ಬಗ್ಗೆ ನನ್ನ ತಕರಾರು ಇಲ್ಲ. ಅಲ್ಲಿ ಎಲ್ಲರೂ ಅದನ್ನು ‘ವೈಡ್ ಬೆಲ್ಟ್’ ಎಂದೇ ಕರೆಯುವುದರಿಂದ ಕೈಪಿಡಿಯಲ್ಲೂ ಹಾಗೆಯೇ ಉಳಿಯುತ್ತದೆ. ತೊಡಕಿರುವುದು ಕ್ರಿಯಾಪದದಲ್ಲಿ. ಈ ಯಂತ್ರ ಮಾಡುವ ಎರಡು ಬೇರೆ ಬೇರೆ ಕೆಲಸಗಳನ್ನೂ ನಾವು ‘ಉಜ್ಜುವುದು’ ಎಂದೇ ಬರೆಯುತ್ತಿರುವುದರಿಂದ, ಎಲ್ಲಿ ಯಾವುದನ್ನು ಹೇಳುತ್ತಿದ್ದೇವೆ ಎಂಬುದು ಓದುವವರಿಗೆ ತಿಳಿಯದಂತಾಗಿದೆ.

ಯಂತ್ರವನ್ನು ನೋಡದವರಿಗಾಗಿ ಅದರ ರಚನೆಯನ್ನು ಸ್ವಲ್ಪ ವಿವರಿಸುತ್ತೇನೆ. ಮೇಲುಭಾಗದಲ್ಲಿ, ಹೊರಮೈಗೆ ಉಜ್ಜುವ ಹರಳುಗಳನ್ನು ಅಂಟಿಸಿದ ಅಗಲವಾದ ಪಟ್ಟಿಯೊಂದು ಉರುಳೆಗಳ ಸುತ್ತ ವೇಗವಾಗಿ ತಿರುಗುತ್ತಿರುತ್ತದೆ. ಕೆಳಗೆ, ಹಲಗೆಯನ್ನು ಹೊತ್ತು ನಿಧಾನವಾಗಿ ಒಳಕ್ಕೆ ಸಾಗಿಸುವ ರಬ್ಬರ್ ಪಟ್ಟಿಯಿರುತ್ತದೆ. ಇವೆರಡರ ನಡುವಿನ ಅಂತರವನ್ನು ಎಷ್ಟಕ್ಕೆ ಇಡುತ್ತೇವೋ ಹಲಗೆ ಅಷ್ಟೇ ದಪ್ಪವಾಗಿ ಹೊರಬರುತ್ತದೆ. ನಮ್ಮಲ್ಲಿ ಸಿಗುವ ಎಂಟಡಿ ನಾಲ್ಕಡಿಯ ಪ್ಲೈವುಡ್ ಹಾಳೆಯ ಅಗಲ 1220 ಮಿ.ಮೀ.; ಅದು ಇಡಿಯಾಗಿ ಒಳಗೆ ಹೋಗಬೇಕಾದ ಕಡೆ 1300 ಮಿ.ಮೀ. ಅಗಲದ ಯಂತ್ರವನ್ನು ಇಟ್ಟುಕೊಳ್ಳುತ್ತಾರೆ. ಎರಡೂ ‘ಬೆಲ್ಟ್’ಗಳೇ ಆದ್ದರಿಂದ, ಮೇಲಿನದನ್ನು ‘ಉಜ್ಜುಪಟ್ಟಿ’ ಎಂದೂ ಕೆಳಗಿನದನ್ನು ‘ಸಾಗುಪಟ್ಟಿ’ ಎಂದೂ ಸದ್ಯಕ್ಕೆ ಕರೆದಿದ್ದೇನೆ. ‘ಬೆಲ್ಟನ್ನು ಬದಲಿಸಿ’ ಎಂದಷ್ಟೇ ಬರೆದರೆ ಯಾವ ಬೆಲ್ಟು ಎಂಬ ಪ್ರಶ್ನೆ ಬಂದೇ ಬರುತ್ತದೆ.

ಇನ್ನು ಆ ಎರಡು ಕೆಲಸಗಳು. ಮೊದಲನೆಯದು, ಹಲಗೆಯ ದಪ್ಪವನ್ನು ತುದಿಯಿಂದ ತುದಿಗೆ ಒಂದೇ ಅಳತೆಗೆ ತರುವುದು. ಇದಕ್ಕೆ ಉಕ್ಕಿನ ಅಥವಾ ಗಟ್ಟಿ ರಬ್ಬರಿನ ಉರುಳೆ ಬೇಕು. ಉರುಳೆ ಹಲಗೆಯನ್ನು ಒಂದು ಕಿರಿದಾದ ಗೆರೆಯುದ್ದಕ್ಕೆ ಮಾತ್ರ ಮುಟ್ಟುವುದರಿಂದ ಅಲ್ಲಿ ಮರ ಬೇಗ ಸವೆಯುತ್ತದೆ. ಎರಡನೆಯದು, ಹಾಗೆ ಸವೆಸಿದಾಗ ಉಳಿದ ಗೀರುಗಳನ್ನು ಅಳಿಸಿ ಮೈಯನ್ನು ನಯಮಾಡುವುದು. ಇಲ್ಲಿ ಪಟ್ಟಿಯ ಹಿಂದೆ ಉರುಳೆಯ ಬದಲು ಚಪ್ಪಟೆಯಾದ ಒತ್ತುದಿಂಬು ಇರುತ್ತದೆ. ಮೆತ್ತನೆಯ ಫೆಲ್ಟಿನ (ಅದುಮಿ ಮಾಡಿದ ಉಣ್ಣೆಬಟ್ಟೆ) ಮೇಲೆ ಗ್ರಾಫೈಟ್ ಲೇಪಿಸಿದ ಬಟ್ಟೆ ಹೊದಿಸಿದ ಈ ದಿಂಬು ಹೆಚ್ಚು ಅಗಲದ ಜಾಗವನ್ನು ಹಗುರವಾಗಿ ಒತ್ತುತ್ತದೆ. ಕೆಲಸ ಎರಡನೆಯದಾಗಿರುವಾಗ ಯಾರಾದರೂ ಮೊದಲನೆಯದೆಂದು ತಿಳಿದು ಹೆಚ್ಚು ಮರ ತೆಗೆಯಲು ಹೊರಟರೆ ದಿಂಬು ಬಿಸಿಯೇರುತ್ತದೆ, ಮರದ ಮೈ ಸುಟ್ಟು ಕಪ್ಪಾಗುತ್ತದೆ, ಪಟ್ಟಿಯೂ ಹಾಳಾಗುತ್ತದೆ.

ಅಂಗಡಿಗಳಲ್ಲಿ ಈಗ ಮಾರುವ ‘ಕ್ಯಾಲಿಬ್ರೇಟೆಡ್ ಪ್ಲೈವುಡ್’ ಎಂಬ ಮಾತೂ ಈ ಮೊದಲನೆಯ ಕೆಲಸದಿಂದಲೇ ಬಂದದ್ದು. ಪ್ಲೈವುಡ್ಡಿನ ಮೇಲ್ಪದರ ಅರ್ಧ ಮಿಲಿಮೀಟರೂ ಇರದಷ್ಟು ತೆಳುವಾಗಿದ್ದಾಗ ಅದನ್ನು ಅಂಟಿಸಿದ ಮೇಲೆ ದಪ್ಪ ಸರಿಪಡಿಸಲು ಹೋದರೆ ಪದರವೇ ಹರಿದು ಒಳಗಿನ ಮರ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಒಳತಿರುಳನ್ನು ಮೊದಲು ಒತ್ತಿ, ಈ ಯಂತ್ರದಲ್ಲಿ ಹಾಯಿಸಿ ದಪ್ಪವನ್ನು ಸರಿಗೊಳಿಸಿ, ಆಮೇಲೆ ಮೇಲ್ಪದರ ಅಂಟಿಸುತ್ತಾರೆ. ಮಾಡ್ಯುಲರ್ ಅಡುಗೆಮನೆಯ ಕಪಾಟುಗಳನ್ನು ಯಂತ್ರದಲ್ಲೇ ಕೊಯ್ದು, ತೂತು ಕೊರೆದು, ಅಂಚುಪಟ್ಟಿ ಅಂಟಿಸುವುದರಿಂದ ಒಂದು ಹಾಳೆ 18 ಮಿ.ಮೀ., ಇನ್ನೊಂದು 17.3 ಮಿ.ಮೀ. ಇದ್ದರೆ ಜೋಡಣೆ ಕೂಡುವುದಿಲ್ಲ. ನಮ್ಮ ಬಡಗಿಗಳ ‘ನೂಲು’ ಇಂಚಿನ ಎಂಟನೆಯ ಒಂದು ಭಾಗ, ಅಂದರೆ ಮೂರು ಮಿಲಿಮೀಟರಿಗೂ ತುಸು ಹೆಚ್ಚು. ಈ ಯಂತ್ರದ ವ್ಯವಹಾರವಾದರೋ ಮಿಲಿಮೀಟರಿನ ಹತ್ತನೆಯ ಒಂದು ಭಾಗದಲ್ಲಿ ನಡೆಯುತ್ತದೆ.

ಈ ಮೊದಲನೆಯ ಕೆಲಸಕ್ಕೆ ‘ಮಟ್ಟ ಮಾಡುವುದು’ ಎಂಬ ಸಲಹೆ ಬಂದಿತ್ತು. ಕೇಳಲು ಸರಿಯೆನ್ನಿಸಿದರೂ ಅದನ್ನು ನಾನು ಒಪ್ಪಲಾರೆ. ಸೊಟ್ಟಗಿರುವ ಹಲಗೆಯನ್ನು ಯಂತ್ರದ ಒತ್ತುರುಳೆಗಳು ಒಳಗಿರುವಷ್ಟು ಹೊತ್ತು ಅದುಮಿ ಹಿಡಿಯುತ್ತವೆ, ಹೊರಬಂದೊಡನೆ ಅದು ಮತ್ತೆ ಮೊದಲಿನಂತೆ ಬಾಗುತ್ತದೆ. ದಪ್ಪ ಎಲ್ಲ ಕಡೆಯೂ ಒಂದೇ ಆಗಿರುತ್ತದೆ, ಮಟ್ಟ ಮಾತ್ರ ಬಂದಿರುವುದಿಲ್ಲ. ಸೊಟ್ಟ ತೆಗೆಯುವುದು ಮರ ಹೆರೆಯುವ ತೋಪಡದ ಕೆಲಸ, ಇದರದ್ದಲ್ಲ. ಎರಡನೆಯ ಕೆಲಸಕ್ಕೆ ‘ಒಪ್ಪವಿಡುವುದು’ ಎಂಬ ಹಳೆಯ ಚೆಂದದ ಮಾತು ಹೊಂದುವಂತೆ ಕಂಡರೂ, ಓದುವವರು ಅದನ್ನು ಈ ಹಂತದ ನಂತರ ಬರುವ ಪಾಲಿಶ್ ಎಂದೇ ತಿಳಿಯುತ್ತಾರೆ. ‘ಸಾಣೆ ಹಿಡಿಯುವುದು’ ಎಂದರೆ ಕತ್ತಿ, ಉಳಿಗಳ ನೆನಪಾಗುತ್ತದೆ. ಹೀಗಾಗಿ ‘ಅಳತೆಗೆ ತರುವುದು’, ‘ನಯ ಮಾಡುವುದು’ ಎಂಬ ಸಾದಾ ಮಾತುಗಳನ್ನೇ ಇಟ್ಟುಕೊಳ್ಳಬಹುದೆಂದು ನನಗೆ ತೋರುತ್ತದೆ. ಉಜ್ಜುವ ವಸ್ತುವಿಗೆ ಪಠ್ಯಪುಸ್ತಕ ಕೊಡುವ ‘ಅಪಘರ್ಷಕ’ ಎಂಬ ಹೆಸರನ್ನು ಕಾರ್ಖಾನೆಯೊಳಕ್ಕೆ ತರುವ ಧೈರ್ಯ ನನಗಿಲ್ಲ.

‘ದಪ್ಪ’ ಎಂಬ ಮಾತಿನಲ್ಲೂ ಒಂದು ಸಿಕ್ಕಿದೆ. ಹರಳು ದೊಡ್ಡದಾಗಿರುವ ಉಪ್ಪುಕಾಗದಕ್ಕೆ ‘ದಪ್ಪ ಪೇಪರ್’ ಎಂದೂ ಸಣ್ಣದಾಗಿದ್ದರೆ ‘ನೈಸ್ ಪೇಪರ್’ ಎಂದೂ ಹೇಳುವುದು ರೂಢಿ. ಹರಳಿನ ಗಾತ್ರ ಸೂಚಿಸುವ ಸಂಖ್ಯೆಯಂತೂ ತಲೆಕೆಳಗು, 80ರದ್ದು ದಪ್ಪ, 180ರದ್ದು ನೈಸ್. ಹಲಗೆಯ ದಪ್ಪದ ಮಾತೇ ಪುಟಪುಟದಲ್ಲೂ ಬರುವ ಕೈಪಿಡಿಯಲ್ಲಿ ಪಟ್ಟಿಗೆ ‘ಒರಟು’ ಎಂಬುದನ್ನೇ ಬಳಸುವುದು ಕ್ಷೇಮ.

ಕೊನೆಯದಾಗಿ, ಹಲಗೆಯ ಮೇಲೆ ಉಳಿಯುವ ಗುರುತುಗಳ ಹೆಸರುಗಳು. ಪಟ್ಟಿಯಲ್ಲಿ ಒಂದು ಕಡೆ ಹರಳು ಉದುರಿಹೋಗಿದ್ದರೆ ಅಲ್ಲಿ ಮರ ಸವೆಯದೆ ಉಬ್ಬುಗೆರೆಯೊಂದು ಉಳಿಯುತ್ತದೆ. ಪಟ್ಟಿ ತಿರುಗುತ್ತಲೇ ಅತ್ತಿತ್ತ ಓಲಾಡುತ್ತಲೂ ಇರುವುದರಿಂದ ಆ ಗೆರೆ ನೇರವಾಗಿರದೆ ಹಾವು ಹರಿದ ಜಾಡಿನಂತೆ ಬಳುಕುತ್ತದೆ. ಇದಕ್ಕೆ ‘ಹಾವುಗೆರೆ’ ಎನ್ನಬಹುದು. ಪಟ್ಟಿಯ ಎರಡು ತುದಿಗಳನ್ನು ಅಂಟಿಸಿದ ಕೂಡು ಉಬ್ಬಿದ್ದರೆ ಬೀಳುವುದು ಅಡ್ಡಗೆರೆ. ಸುತ್ತಳತೆ 1900 ಮಿ.ಮೀ. ಇರುವ ಪಟ್ಟಿ ಸೆಕೆಂಡಿಗೆ 19 ಮೀಟರ್ ವೇಗದಲ್ಲಿ ಓಡಿದರೆ ಸೆಕೆಂಡಿಗೆ ಹತ್ತು ಸುತ್ತಾಯಿತು. ಹಲಗೆ ನಿಮಿಷಕ್ಕೆ ಆರು ಮೀಟರಿನಂತೆ ಸಾಗುತ್ತಿದ್ದರೆ ಅಡ್ಡಗೆರೆಗಳು ಸರಿಯಾಗಿ ಹತ್ತು ಮಿ.ಮೀ.ಗೊಂದರಂತೆ ಬೀಳುತ್ತವೆ. ಅಂತರ ಇದಕ್ಕಿಂತ ಬಹಳ ಕಿರಿದಾಗಿದ್ದರೆ ತಪ್ಪು ಕೂಡಿನದಲ್ಲ, ಉರುಳೆಯ ಸಮತೂಕ ಅಥವಾ ಬೇರಿಂಗ್ ನೋಡಬೇಕು. ಕಾರಣಗಳು ಬೇರೆಯಾದ್ದರಿಂದ ಇವೆರಡಕ್ಕೂ ಬೇರೆ ಹೆಸರುಗಳಿರಬೇಕೆಂಬುದು ನನ್ನ ಅಭಿಪ್ರಾಯ. ಕೂಡಿನಿಂದ ಬಿದ್ದದ್ದಕ್ಕೆ ‘ಅಡ್ಡಗೆರೆ’ ಸಾಕು. ಉರುಳೆಯ ಅದುರುವಿಕೆಯಿಂದ ಒತ್ತೊತ್ತಾಗಿ ಮೂಡುವ ಸಣ್ಣ ಅಲೆಗಳಿಗೆ ಪದ ಹೊಳೆದಿಲ್ಲ.

ಕೈತೋಪಡದ ಅಲಗು ಅದುರಿದಾಗಲೂ ಹಲಗೆಯ ಮೇಲೆ ಇಂಥದೇ ಅಲೆಗಳು ಏಳುತ್ತವೆ. ಕರಾವಳಿ, ಮಲೆನಾಡು, ಉತ್ತರ ಕರ್ನಾಟಕದ ಬಡಗಿಗಳು ಅವನ್ನು ಏನೆಂದು ಕರೆಯುತ್ತಾರೆಂಬುದು ತಮ್ಮಲ್ಲಿ ಯಾರಿಗಾದರೂ ತಿಳಿದಿದ್ದರೆ ದಯವಿಟ್ಟು ಊರಿನ ಹೆಸರಿನೊಡನೆ ಬರೆಯಬೇಕೆಂದು ಕೋರುತ್ತೇನೆ.