ಪದಚರ್ಚೆ: ಸಿಮ್ಸ್ ಆಟದ ಮಾಡ್‌ಗಳನ್ನು ‘ಅನುಸ್ಥಾಪಿಸು’ವುದೋ, ‘ಹಾಕು’ವುದೋ, ‘ಇಡು’ವುದೋ?

ಪ್ರಶ್ನೆ

ನಮಸ್ಕಾರ. ‘ದಿ ಸಿಮ್ಸ್ 4’ ಎಂಬ ಕಂಪ್ಯೂಟರ್ ಆಟಕ್ಕೆ ಆಟಗಾರರೇ ತಯಾರಿಸಿದ ಬಟ್ಟೆ, ಕೂದಲು, ಮನೆಸಾಮಾನು, ಆಟದ ನಡೆಯನ್ನೇ ಬದಲಿಸುವ ಸ್ಕ್ರಿಪ್ಟ್‌ಗಳನ್ನು (ಇಂಥ ಸೇರ್ಪಡೆಗಳೇ ‘ಮಾಡ್’ಗಳು) ಸೇರಿಸಿಕೊಳ್ಳುವ ಬಗೆಯನ್ನು ಹೇಳುವ ಕನ್ನಡ ಕೈಪಿಡಿಯೊಂದು ಕರಡಿನ ಹಂತದಲ್ಲಿದೆ. ಆಟ ಕನ್ನಡದಲ್ಲಿ ಇಲ್ಲ, ಹಾಗಾಗಿ ತೆರೆಯ ಮೇಲಿನ ಹೆಸರುಗಳೆಲ್ಲ ಇಂಗ್ಲಿಷಿನಲ್ಲೇ ಕಾಣುತ್ತವೆ. ವಿವರಣೆ ಮಾತ್ರ ಕನ್ನಡದ್ದು. ಕರಡಿನ ಒಂದು ವಾಕ್ಯ ಹೀಗಿದೆ: ‘ಸಂಕುಚಿತ ಕಡತವನ್ನು ತೆಗೆದು, ಗ್ರಾಹಕೀಯಗೊಳಿಸಿದ ವಿಷಯವನ್ನು ಮಾಡ್ಸ್ ಕಡತಕೋಶದಲ್ಲಿ ಅನುಸ್ಥಾಪಿಸಿ.’ ಇದನ್ನು ಓದಿದವರು ಜಿಪ್ ಫೈಲನ್ನೇ ಅಳಿಸಿಬಿಡಬಹುದು, ಇಲ್ಲವೆ ಸೆಟಪ್ ಎಲ್ಲಿದೆ ಎಂದು ಹುಡುಕುತ್ತ ಕೂರಬಹುದು. ಇನ್‌ಸ್ಟಾಲ್, ಕಸ್ಟಮ್ ಕಂಟೆಂಟ್, ಮಾಡ್, ರೀಕಲರ್, ಓವರ್‌ರೈಡ್, ಪ್ಯಾಚ್ ಇವಕ್ಕೆ ಯಾವ ಪದ ಬಳಸಿದರೆ ಓದುವವರ ಕೈ ತಪ್ಪುವುದಿಲ್ಲ? ತಿಳಿದವರು ಹೇಳಬೇಕು.

ಉತ್ತರ

ಕ್ರಿಯಾಪದದಿಂದಲೇ ಶುರುಮಾಡೋಣ, ಎಡವುವುದು ಅಲ್ಲೇ. ಇಲ್ಲಿ ಅನುಸ್ಥಾಪನೆ ಎನ್ನುವಂಥ ಕೆಲಸ ನಡೆಯುವುದೇ ಇಲ್ಲ. ಡಾಕ್ಯುಮೆಂಟ್ಸ್ ಒಳಗೆ ಎಲೆಕ್ಟ್ರಾನಿಕ್ ಆರ್ಟ್ಸ್, ಅದರೊಳಗೆ ದಿ ಸಿಮ್ಸ್ 4, ಅದರೊಳಗೆ ಮಾಡ್ಸ್ ಎಂಬ ಫೋಲ್ಡರ್ ಇರುತ್ತದೆ. ಅದರಲ್ಲಿ ಫೈಲ್ ಇಟ್ಟರಾಯಿತು. ಆಟ ಶುರುವಾಗುವಾಗ ತಾನೇ ಓದಿಕೊಳ್ಳುತ್ತದೆ. ಬೇಡವಾದರೆ ಅಲ್ಲಿಂದ ಎತ್ತಿ ಹೊರಗಿಟ್ಟರೆ ಮುಗಿಯಿತು. ಗ್ನೋಮ್, ಫೆಡೋರಾದಂಥ ತಂತ್ರಾಂಶಗಳ ಕನ್ನಡ ಅನುವಾದಗಳಲ್ಲಿ ಕಾಣುವ ‘ಅನುಸ್ಥಾಪಿಸು’ ತಂತ್ರಾಂಶಕ್ಕೆ ಸರಿಯಾದ ಪದವೇ. ಆದರೆ ಅದನ್ನು ಕೇಳಿದ ಕೂಡಲೇ ಓದುಗ ‘ನೆಕ್ಸ್ಟ್, ನೆಕ್ಸ್ಟ್, ಫಿನಿಶ್’ ಒತ್ತುವ ಕಿಟಕಿಯನ್ನು ಎದುರುನೋಡುತ್ತಾನೆ.

ಈ ಪದವನ್ನು ಪೂರ್ತಿ ಕೈಬಿಡುವುದೂ ಬೇಡ, ಅದಕ್ಕೂ ಜಾಗವಿದೆ. ಆಟದ ಕಂಪನಿ ಎಲೆಕ್ಟ್ರಾನಿಕ್ ಆರ್ಟ್ಸ್ (ಇಎ) ತಾನೇ ಹೊರತರುವ ಪ್ಯಾಕ್, ಕಿಟ್ ಎಂಬ ಸೇರ್ಪಡೆಗಳನ್ನು ಇಎ ಆಪ್ ಅಥವಾ ಸ್ಟೀಮ್ ಎಂಬ ಆಟದಂಗಡಿ ತಂತ್ರಾಂಶ ನಿಜವಾಗಿಯೂ ಇನ್‌ಸ್ಟಾಲ್ ಮಾಡುತ್ತದೆ. ಮುಂಬೈಯ ಉಡುಗೆ ನೋಡಿ ಮಾಡಿದ, 2021ರ ‘ಫ್ಯಾಷನ್ ಸ್ಟ್ರೀಟ್’ ಕಿಟ್ ಈ ಬಗೆಯದು. 2009ರ ಸಿಮ್ಸ್ 3ರಲ್ಲಿ ಈ ವ್ಯತ್ಯಾಸ ಇನ್ನೂ ಕಣ್ಣಿಗೆ ಹೊಡೆದು ಕಾಣುತ್ತದೆ. ಆಟ ಒಂದೇ ಆದರೂ ಫೈಲುಗಳು ಎರಡು ಬಗೆ: ‘ಸಿಮ್ಸ್3ಪ್ಯಾಕ್’ ಫೈಲನ್ನು ಲಾಂಚರ್ ಮೂಲಕ ಇನ್‌ಸ್ಟಾಲ್ ಮಾಡಬೇಕು, ‘ಪ್ಯಾಕೇಜ್’ ಫೈಲನ್ನು ಮಾಡ್ಸ್ ಒಳಗಿನ ಪ್ಯಾಕೇಜಸ್ ಫೋಲ್ಡರಿನಲ್ಲಿ ಇಡಬೇಕು. ಎರಡಕ್ಕೂ ಒಂದೇ ಪದ ಬಳಸಿದ ಕೈಪಿಡಿ ಅಲ್ಲಿ ಕೆಲಸಕ್ಕೆ ಬಾರದು.

ಹಾಗಾದರೆ ‘ಹಾಕು’ ಸಾಕಲ್ಲ ಎನಿಸಬಹುದು. ಆಡುಮಾತಿನಲ್ಲಿ ಎಲ್ಲರೂ ‘ಮಾಡ್ ಹಾಕ್ಕೊಂಡೆ’ ಎಂದೇ ಅನ್ನುವುದು. ಬರವಣಿಗೆಯಲ್ಲಿ ಅದು ಎರಡು ಕಡೆ ಜಾರುತ್ತದೆ. ಬಾಗಿಲು ಹಾಕು ಎಂದರೆ ಮುಚ್ಚು. ‘ಫೋಲ್ಡರ್ ಹಾಕಿ’ ಎಂದು ಬರೆದರೆ ಮುಚ್ಚಬೇಕೋ ತುಂಬಬೇಕೋ ತಿಳಿಯದು. ‘ಫೋಲ್ಡರಿಗೆ ಹಾಕಿ’ ಎಂದು ವಿಭಕ್ತಿ ಸೇರಿಸಿದರೆ ಬಚಾವು. ಎರಡನೆಯದು, ಬಟ್ಟೆ ಹಾಕು ಎಂದರೆ ತೊಡು. ಆಟದೊಳಗೆ ಸಿಮ್‌ಗೆ, ಅಂದರೆ ಆಟದ ಪಾತ್ರಕ್ಕೆ, ಅಂಗಿ ಹಾಕುವುದೂ, ಅಂಗಿಯ ಫೈಲನ್ನು ಫೋಲ್ಡರಿಗೆ ಹಾಕುವುದೂ ಒಂದೇ ಪುಟದಲ್ಲಿ ಬಂದರೆ ಗೋಜಲು. ಅದಕ್ಕೇ ಫೈಲಿಗೆ ‘ಇಡು’, ಸಿಮ್‌ಗೆ ‘ತೊಡಿಸು’, ಸೀರೆಯಾದರೆ ‘ಉಡಿಸು’, ಹೂವಾದರೆ ‘ಮುಡಿಸು’. ಕನ್ನಡದಲ್ಲಿ ಇಷ್ಟು ಪದಗಳು ಕೈಯಳತೆಯಲ್ಲಿರುವಾಗ ಬಳಸದೆ ಬಿಡುವುದು ನಷ್ಟ.

‘ತೆಗೆ’ ಇನ್ನೂ ಅಪಾಯಕಾರಿ. ಬಾಗಿಲು ತೆಗೆ ಎಂದರೆ ತೆರೆ, ಕಸ ತೆಗೆ ಎಂದರೆ ಇಲ್ಲವಾಗಿಸು, ಡಬ್ಬದಿಂದ ತೆಗೆ ಎಂದರೆ ಹೊರಕ್ಕೆ ತಾ, ಫೋಟೋ ತೆಗೆ ಎಂದರೆ ಬೇರೆಯೇ. ‘ಫೈಲ್ ತೆಗೆಯಿರಿ’ ಎಂಬ ಎರಡು ಪದಗಳಿಗೆ ಈ ಕೆಲಸದಲ್ಲಿ ಮೂರು ಅರ್ಥ ಹೊರಡುತ್ತವೆ. ಕೈಪಿಡಿಯಲ್ಲಿ ಒಂಟಿ ‘ತೆಗೆ’ ಬರಲೇಬಾರದು. ತೆರೆ, ಬಿಚ್ಚು, ಹೊರಗಿಡು, ಅಳಿಸು ಎಂದು ನಾಲ್ಕಾಗಿ ಒಡೆಯಿರಿ. ಹೊರಗಿಡುವುದಕ್ಕೂ ಅಳಿಸುವುದಕ್ಕೂ ಇರುವ ಅಂತರ ಇಲ್ಲಿ ಮುಖ್ಯ. ಹೊರಗಿಟ್ಟದ್ದನ್ನು ಮತ್ತೆ ಒಳಗಿಡಬಹುದು.

ಜಿಪ್‌ಗೆ ‘ಸಂಕುಚಿತ ಕಡತ’ ಬೇಡ. ಸಂಕುಚಿತ ಎಂದರೆ ನಮಗೆ ನೆನಪಾಗುವುದು ಮನೋಭಾವ. ‘ಗಂಟು’ ಎಂದರೆ ಬಿಚ್ಚಬೇಕೆಂದು ತಾನೇ ಹೊಳೆಯುತ್ತದೆ: ಜಿಪ್, ಆರ್‌ಎಆರ್, 7ಜಿಪ್ ಗಂಟುಗಳನ್ನು ಬಿಚ್ಚಿ, ಒಳಗಿನ ‘ಡಾಟ್ ಪ್ಯಾಕೇಜ್’ ಫೈಲುಗಳನ್ನು ಮಾಡ್ಸ್ ಒಳಗಿಡಿ. ಗಂಟನ್ನು ಗಂಟಾಗಿಯೇ ಇಟ್ಟರೆ ಆಟ ಅದನ್ನು ಓದುವುದಿಲ್ಲ. ಒಂದು ಅಪವಾದವನ್ನು ಅಲ್ಲೇ ಪಕ್ಕದಲ್ಲಿ ಬರೆಯಬೇಕು. ‘ಡಾಟ್ ಟಿಎಸ್4ಸ್ಕ್ರಿಪ್ಟ್’ ಎಂದು ಕೊನೆಗೊಳ್ಳುವ ಫೈಲೂ ಒಳಗಿನಿಂದ ಜಿಪ್ಪೇ, ಆದರೆ ಅದನ್ನು ಬಿಚ್ಚಬಾರದು. ಇದ್ದ ಹಾಗೆಯೇ ಇಡಬೇಕು.

ಇನ್ನು ‘ಆಳ’. ಡಾಟ್ ಪ್ಯಾಕೇಜ್ ಫೈಲು ಮಾಡ್ಸ್ ಒಳಗೆ ಐದು ಫೋಲ್ಡರ್ ಆಳದವರೆಗೆ ಇದ್ದರೂ ಆಟಕ್ಕೆ ಕಾಣುತ್ತದೆ. ಆ ಲೆಕ್ಕ ಅಲ್ಲಿರುವ ರಿಸೋರ್ಸ್ ಡಾಟ್ ಸಿಎಫ್‌ಜಿ ಫೈಲಿನಲ್ಲಿದೆ, ಅದನ್ನು ಮುಟ್ಟಬೇಡಿ. ಸ್ಕ್ರಿಪ್ಟ್ ಮಾತ್ರ ಹೆಚ್ಚೆಂದರೆ ಒಂದೇ ಫೋಲ್ಡರ್ ಆಳದಲ್ಲಿರಬೇಕು. ಇಲ್ಲಿ ಬಹಳ ಜನ ಬೀಳುತ್ತಾರೆ. ವಿಂಡೋಸಿನ ‘ಎಕ್ಸ್‌ಟ್ರಾಕ್ಟ್ ಆಲ್’ ಒತ್ತಿದರೆ ಗಂಟಿನ ಹೆಸರಿನದೇ ಒಂದು ಫೋಲ್ಡರ್ ಹುಟ್ಟುತ್ತದೆ. ಗಂಟಿನೊಳಗೆ ಮೊದಲೇ ಒಂದು ಫೋಲ್ಡರ್ ಇದ್ದರೆ ಸ್ಕ್ರಿಪ್ಟ್ ಎರಡು ಆಳಕ್ಕೆ ಇಳಿಯಿತು. ಪ್ಯಾಕೇಜ್ ಭಾಗ ಓದಿಸಿಕೊಂಡು ಸ್ಕ್ರಿಪ್ಟ್ ಭಾಗ ಓದಿಸಿಕೊಳ್ಳದೆ ಉಳಿಯುತ್ತದೆ, ಮಾಡ್ ಅರ್ಧಂಬರ್ಧ ನಡೆಯುತ್ತದೆ. ‘ಉಪಕಡತಕೋಶದ ಮಟ್ಟ’ ಎಂದು ಬರೆದರೆ ಇದು ಯಾರಿಗೂ ಅರ್ಥವಾಗದು. ‘ಮಾಡ್ಸ್ ತೆರೆದ ಕೂಡಲೇ, ಇಲ್ಲವೆ ಇನ್ನೊಂದೇ ಒಂದು ಫೋಲ್ಡರ್ ತೆರೆದ ಮೇಲೆ, ಸ್ಕ್ರಿಪ್ಟ್ ಕಾಣಬೇಕು’ ಎಂದರೆ ಸಾಕು.

‘ಗ್ರಾಹಕೀಯ’ವನ್ನು ಬಿಟ್ಟುಬಿಡಿ. ಕಸ್ಟಮ್‌ನಿಂದ ಕಸ್ಟಮರ್‌ಗೆ ಹಾರಿ ಹುಟ್ಟಿದ ಪದ ಅದು. ಇಲ್ಲಿ ಗ್ರಾಹಕ ಯಾರೂ ಇಲ್ಲ. ‘ವಿಷಯ’ವೂ ಹೊಂದದು, ಕುರ್ಚಿ, ಜಡೆ, ಕಣ್ಣಿನ ಬಣ್ಣ ವಿಷಯಗಳಲ್ಲ. ಮೊದಲ ಸಲ ‘ಆಟಗಾರರೇ ಮಾಡಿದ ಸಾಮಗ್ರಿ’ ಎಂದು ಬಿಡಿಸಿ ಹೇಳಿ, ಆಮೇಲೆ ಎಲ್ಲರೂ ಅನ್ನುವ ‘ಸಿಸಿ’ಯನ್ನೇ (ಕಸ್ಟಮ್ ಕಂಟೆಂಟ್‌ನ ಗಿಡ್ಡ ರೂಪ) ಉಳಿಸಿಕೊಳ್ಳಿ.

‘ಮಾಡ್’ ಬರಹ ಸರಿಯಾಗಿದೆ. ಬಾಕ್ಸ್, ಡಾಕ್ಟರ್ ಬರೆಯುವ ಕ್ರಮದಲ್ಲೇ ಬಂದಿದೆ. ‘ಮೋಡ್’ ಎಂದರೆ ಇನ್ನೊಂದು ಇಂಗ್ಲಿಷ್ ಪದವಾಗುತ್ತದೆ. ತೊಂದರೆ ನಮ್ಮ ‘ಮಾಡು’ವಿನದು. ‘ಅಪ್‌ಡೇಟ್ ಮಾಡ್’ ಎಂದರೆ ಅಪ್ಪಣೆಯೋ, ಹೊಸ ಮಾಡ್ ಹೆಸರೋ? ಒಂಟಿಯಾಗಿ ಬಿಡದೆ ‘ಸ್ಕ್ರಿಪ್ಟ್ ಮಾಡ್’, ‘ಮಾಡ್ ಫೈಲ್’ ಎಂದು ಜೊತೆ ಕೊಡಿ. ಪಕ್ಕದಲ್ಲೇ ‘ಮಾಡಿ’ ಬರದಂತೆ ವಾಕ್ಯ ತಿರುಗಿಸಿ.

ರೀಕಲರ್‌ಗೆ ಸೀರೆ ಅಂಗಡಿಯ ಮಾತೇ ಸಾಕು: ‘ಇದರಲ್ಲೇ ಬೇರೆ ಬಣ್ಣ’. ಸೀರೆಯ ಆಕಾರ ಒಂದು ಫೈಲಿನಲ್ಲಿ, ಅದನ್ನೇ ಮೆಶ್ ಎನ್ನುವುದು; ಮೈಸೂರು ರೇಷ್ಮೆಯ ಹಸಿರೋ ಇಳಕಲ್ಲಿನ ಕೆಂಪೋ ಇನ್ನೊಂದರಲ್ಲಿ. ‘ಆಕಾರದ ಫೈಲ್’, ‘ಬಣ್ಣದ ಫೈಲ್’ ಎನ್ನಿ; ಮೆಶ್‌ಗೆ ‘ಜಾಲರಿ’ ಎಂದರೆ ಕಿಟಕಿಯ ಸೊಳ್ಳೆಪರದೆ ನೆನಪಾಗುತ್ತದೆ. ಬಣ್ಣದ್ದನ್ನು ಮಾತ್ರ ಇಳಿಸಿಕೊಂಡು ಆಕಾರದ್ದನ್ನು ಮರೆತರೆ ಬಟ್ಟೆ ಸರಿಯಾಗಿ ಕಾಣುವುದಿಲ್ಲ, ಸಿಮ್‌ನ ಮೈಯ ಒಂದು ಭಾಗವೇ ಮಾಯವಾದಂತೆ ಇರಬಹುದು.

ಓವರ್‌ರೈಡ್‌ಗೆ ‘ಬದಲಿ’ ಒಪ್ಪುತ್ತದೆ. ಆಟದ ಮೂಲ ಚರ್ಮ, ಕಣ್ಣುಗಳ ಜಾಗದಲ್ಲಿ ಕೂರುವುದು ಬದಲಿ. ಮೂಲದ್ದರ ಜೊತೆಗೆ ಪಟ್ಟಿಗೆ ಸೇರುವುದು ಹೆಚ್ಚುವರಿ. ಒಂದೇ ವಸ್ತುವಿಗೆ ಎರಡು ಬದಲಿ ಇಟ್ಟರೆ ಒಂದೇ ಉಳಿಯುತ್ತದೆ, ಇನ್ನೊಂದರ ಕೆಲಸ ಕಾಣುವುದಿಲ್ಲ. ಹೆಚ್ಚುವರಿಗಳು ನೂರಿದ್ದರೂ ಜಗಳವಿಲ್ಲ. ಈ ಭೇದವನ್ನು ಪದದಲ್ಲೇ ತೋರಿಸಿದರೆ ಅರ್ಧ ತೊಂದರೆ ಅಲ್ಲೇ ತಪ್ಪುತ್ತದೆ.

ಪ್ಯಾಚ್‌ಗೆ ‘ತೇಪೆ’ ಬೇಡ. ತೇಪೆ ಹಚ್ಚುವುದು ಎಂದರೆ ನಮ್ಮಲ್ಲಿ ಹೇಗೋ ಮುಚ್ಚಿಹಾಕುವುದು. ‘ಅಪ್‌ಡೇಟ್’ ಇರಲಿ. ಅಪ್‌ಡೇಟ್ ಬಂದ ಮೇಲೆ ಆಟ ಮಾಡ್‌ಗಳನ್ನು ತಾನೇ ಆಫ್ ಮಾಡುತ್ತದೆ. ಗೇಮ್ ಆಪ್ಷನ್ಸ್, ಅದರಲ್ಲಿ ಅದರ್ ಎಂಬಲ್ಲಿ ಸಿಸಿಗೊಂದು, ಸ್ಕ್ರಿಪ್ಟ್‌ಗೊಂದು ಚೌಕವಿದೆ. ಎರಡಕ್ಕೂ ಗುರುತು ಹಾಕಿ, ಅಪ್ಲೈ ಒತ್ತಿ, ಆಟವನ್ನು ಮುಚ್ಚಿ ಮತ್ತೆ ತೆರೆಯಬೇಕು. ಸ್ಕ್ರಿಪ್ಟ್‌ಗಳು ಅಪ್‌ಡೇಟಿಗೆ ಬೇಗ ಕೆಡುತ್ತವೆ. 2018ರ ನವೆಂಬರಿನಲ್ಲಿ ಸ್ಕ್ರಿಪ್ಟ್‌ಗಳನ್ನು ನಡೆಸುವ, ಆಟದೊಳಗಿನ ಪೈಥಾನ್ ಪ್ರೋಗ್ರಾಮಿಂಗ್ ಭಾಷೆ 3.3ರಿಂದ 3.7ಕ್ಕೆ ಏರಿದಾಗ, ಹಳೆಯದಕ್ಕೆ ಕಂಪೈಲ್ ಆಗಿದ್ದ ಸ್ಕ್ರಿಪ್ಟ್‌ಗಳನ್ನು ಮತ್ತೆ ಕಟ್ಟಬೇಕಾಯಿತು.

ಕೆಟ್ಟ ಫೈಲನ್ನು ಹುಡುಕುವ ‘ಫಿಫ್ಟಿ-ಫಿಫ್ಟಿ’ಗೆ ‘ಅರ್ಧರ್ಧ ಹುಡುಕು’ ಎನ್ನಬಹುದು. ಅರ್ಧ ಫೈಲುಗಳನ್ನು ಡೆಸ್ಕ್‌ಟಾಪಿನಲ್ಲಿ ಹೊರಗಿಡಿ, ಲೋಕಲ್‌ಥಂಬ್‌ಕ್ಯಾಶ್ ಎಂಬ ಫೈಲನ್ನು ಅಳಿಸಿ, ಆಟ ತೆರೆಯಿರಿ. ತೊಂದರೆ ಹೋದರೆ ಅದು ಹೊರಗಿಟ್ಟ ಅರ್ಧದಲ್ಲಿದೆ, ಉಳಿದರೆ ಒಳಗಿದೆ. 64 ಫೈಲಿದ್ದರೆ ಆರು ಸುತ್ತು, 1,024 ಇದ್ದರೂ ಹತ್ತೇ ಸುತ್ತು. ಆಕಾರದ ಫೈಲನ್ನೂ ಅದರ ಬಣ್ಣದ ಫೈಲನ್ನೂ ಅಗಲಿಸಬಾರದು. ಯಾವ ಅರ್ಧದಲ್ಲೂ ತೊಂದರೆ ಕಾಣದೆ, ಎಲ್ಲ ಒಟ್ಟಿಗಿದ್ದಾಗ ಮಾತ್ರ ಬಂದರೆ, ಎರಡು ಫೈಲುಗಳು ಒಂದಕ್ಕೊಂದು ತಾಕುತ್ತಿವೆ ಎಂದರ್ಥ.

ಮರುಪ್ರಶ್ನೆ

ತುಂಬ ಉಪಕಾರವಾಯಿತು. ಕರಡನ್ನು ಹೀಗೆ ತಿದ್ದಲಾಗಿದೆ: ‘ಗಂಟನ್ನು ಬಿಚ್ಚಿ. ಒಳಗಿರುವ ಸಿಸಿ ಫೈಲುಗಳನ್ನು ಮಾಡ್ಸ್ ಫೋಲ್ಡರಿನಲ್ಲಿ ಇಡಿ. ಸ್ಕ್ರಿಪ್ಟ್ ಫೈಲನ್ನು ಬಿಚ್ಚದೆ ಇಡಿ.’ ಒಂದು ಉಳಿಯಿತು. ಇಡೀ ಮನೆ ಅಥವಾ ಕುಟುಂಬವನ್ನು ಇಳಿಸಿಕೊಂಡಾಗ ಸಿಗುವ ಫೈಲುಗಳು ಮಾಡ್ಸ್‌ಗಲ್ಲ, ‘ಟ್ರೇ’ ಎಂಬ ಬೇರೆ ಫೋಲ್ಡರಿಗೆ ಹೋಗುತ್ತವೆ. ಅದನ್ನು ‘ತಟ್ಟೆ’ ಎನ್ನಬೇಕೆ?

ಉತ್ತರ

ಬೇಡ. ಫೋಲ್ಡರಿನ ಹೆಸರು ತೆರೆಯ ಮೇಲೆ ಕಾಣುವಂತೆಯೇ ಇರಲಿ, ತಟ್ಟೆ ಎಂದರೆ ಓದುಗ ಹುಡುಕಿದರೂ ಸಿಗದು. ಒಂದು ಮನೆಗೆ ಹಲವು ಫೈಲುಗಳಿರುತ್ತವೆ, ಒಂದನ್ನೂ ಬಿಡದೆ ಟ್ರೇಯಲ್ಲಿ ಇಡಬೇಕು ಎಂದು ಬರೆಯಿರಿ. ಇಟ್ಟ ಮೇಲೂ ಆಟದೊಳಗಿನ ಮೈ ಲೈಬ್ರರಿಯಲ್ಲಿ ಮನೆ ಕಾಣದಿದ್ದರೆ, ಸಿಸಿ ಇರುವುದನ್ನೂ ತೋರಿಸು ಎನ್ನುವ ಚೌಕಕ್ಕೆ ಗುರುತು ಬಿದ್ದಿರುವುದಿಲ್ಲ. ಅದನ್ನೂ ಅದೇ ಸಾಲಿನಲ್ಲಿ ಸೇರಿಸಿ.