ತೊಗಲು, ಚಕ್ಕಳ, ಚರ್ಮ: ಗೊಂಬೆಯಾಟದ ಗೊಂಬೆಗೆ ಹೊಂದುವ ಮಾತು ಯಾವುದು?

ಗೆಳೆಯರೆ,

ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಹೋಗಿ ಅಲ್ಲಿನ ತೊಗಲುಗೊಂಬೆಗಳನ್ನು ನೋಡಿ ಬಂದೆ. 1960ರಲ್ಲಿ ಶುರುವಾದ ಈ ಸಂಸ್ಥೆಯನ್ನು ಕಟ್ಟಿ ಬೆಳೆಸಿದ ಎಂ. ಎಸ್. ನಂಜುಂಡರಾಯರು ಆಸ್ಥೆಯಿಂದ ಕೂಡಿಹಾಕಿದ ಗೊಂಬೆಗಳಿವು. ಮೈಸೂರು ಶೈಲಿಯ ಚಿತ್ರಗಳು, ರಷ್ಯಾ ಮೂಲದ ಕಲಾವಿದರಾದ ರೋರಿಕ್ ಅವರ ಚಿತ್ರಗಳು ಕೂಡ ಪರಿಷತ್ತಿನಲ್ಲಿವೆ. ಆದರೆ ನನ್ನ ಕಾಲು ಕಿತ್ತಿಡಗೊಡದೆ ಹಿಡಿದದ್ದು ಈ ಗೊಂಬೆಗಳೇ. ಅವುಗಳ ವಸ್ತುವಿಗೆ ನಾವು ಬಳಸುವ ಮಾತಿನ ಬಗ್ಗೆ ಬಲ್ಲವರಿಂದ ತಿಳಿಯಬೇಕಾಗಿದೆ.

ಪತ್ರಿಕೆಗಳಲ್ಲಿ, ಪ್ರದರ್ಶನಗಳ ಫಲಕಗಳಲ್ಲಿ ‘ಹದ ಮಾಡಿದ ಮೇಕೆ ಚರ್ಮದ ಗೊಂಬೆ’ ಎಂಬ ವಿವರಣೆ ಮೇಲಿಂದ ಮೇಲೆ ಕಾಣುತ್ತದೆ. ಕನ್ನಡದಲ್ಲಿ ಚರ್ಮ ಹದ ಮಾಡುವುದೆಂದರೆ ಒಂದು ಗೊತ್ತಾದ ಕಸುಬು. ಸುಣ್ಣದ ನೀರಿನಲ್ಲಿ ನೆನೆಹಾಕಿ, ಕೂದಲು ತೆಗೆದು, ತಂಗಡಿಯಂಥ ಗಿಡದ ತೊಗಟೆಯ ಒಗರನ್ನು ಚರ್ಮಕ್ಕೆ ಹಿಡಿಸುವುದು. ಹಾಗೆ ಹದವಾದ ಚರ್ಮ ಕಂದು ಬಣ್ಣಕ್ಕೆ ತಿರುಗುತ್ತದೆ, ಮೆತ್ತಗಾಗುತ್ತದೆ, ಕೊಳೆಯುವುದಿಲ್ಲ. ಚಪ್ಪಲಿಗೆ, ಚೀಲಕ್ಕೆ ಅದು ಬೇಕು. ಗೊಂಬೆಗೆ ಅದು ನಡೆಯದು, ಏಕೆಂದರೆ ಅದರಲ್ಲಿ ಬೆಳಕು ಹಾಯುವುದಿಲ್ಲ. ಪರದೆಯ ಹಿಂದೆ ದೀಪವಿಟ್ಟರೆ ಅಂಥ ಗೊಂಬೆಯಿಂದ ಬರೀ ಕಪ್ಪು ನೆರಳು ಬಿದ್ದೀತು. ನಮ್ಮ ಗೊಂಬೆಗಳ ಸೊಗಸು ಇರುವುದೇ ಆ ಕೆಂಪು, ಹಸಿರು ಬಣ್ಣಗಳು ಬೆಳಕನ್ನು ಹಾಯಿಸಿಕೊಂಡು ಪರದೆಯ ಮೇಲೆ ಹೊಳೆಯುವುದರಲ್ಲಿ. ಅದಕ್ಕಾಗಿ ಹಸಿ ತೊಗಲಿನ ಕೂದಲು ತೆಗೆದು, ಮಾಂಸದ ಪೊರೆಯನ್ನು ಕೆರೆದು ಕೆರೆದು ತೆಳುವಾಗಿಸಿ, ಬಿಗಿಯಾಗಿ ಎಳೆದು ಕಟ್ಟಿ ಒಣಗಿಸುತ್ತಾರೆ. ಒಗರು ಹಿಡಿಸುವ ಮಾತೇ ಇಲ್ಲ. ಆದ್ದರಿಂದ ‘ಹದ ಮಾಡಿದ ಚರ್ಮ’ ಎಂದು ಬರೆದರೆ ಓದಿದವರಿಗೆ ತಪ್ಪು ತಿಳಿವಳಿಕೆ ಹೋಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಹದ ಎಂಬ ಮಾತು ವಿಶಾಲವಾದದ್ದು ನಿಜ. ಬೆಲ್ಲದ ಪಾಕಕ್ಕೂ ಹದವಿದೆ, ಉತ್ತ ನೆಲಕ್ಕೂ ಹದವಿದೆ. ಆದರೆ ಚರ್ಮದ ಜೊತೆ ಬಂದಾಗ ಅದಕ್ಕೆ ಒಂದೇ ಅರ್ಥ.

ಹಾಗಾದರೆ ಸರಿಯಾದ ಮಾತು? ತೊಗಲು ಅಂತೂ ಹಳೆಯದು. ತಮಿಳು, ಮಲಯಾಳದ ತೋಲ್, ತೆಲುಗಿನ ತೋಲು ಇದರ ಒಡಹುಟ್ಟುಗಳು. ಅವರ ತೋಲ್ಪಾವಕೂತ್ತು, ತೋಲುಬೊಮ್ಮಲಾಟ ನಮ್ಮ ತೊಗಲುಗೊಂಬೆಯಾಟದ ನೆಂಟರು. ಅಲ್ಲಿ ಸವೆದು ಹೋದ ಗಕಾರವನ್ನು ಕನ್ನಡ ಉಳಿಸಿಕೊಂಡಿದೆ. ತೊಗಟೆಯೂ ಇದೇ ಬುಡದ್ದು. ಮರದ ಹೊರಮೈ ತೊಗಟೆ, ಪ್ರಾಣಿಯ ಹೊರಮೈ ತೊಗಲು. ಆದರೆ ತೊಗಲು ಹಸಿಯೋ ಒಣಗಿದ್ದೋ ಎಂಬುದನ್ನು ಆ ಮಾತು ಹೇಳುವುದಿಲ್ಲ.

ಚಕ್ಕಳ ಹೇಳುತ್ತದೆ. ಸುಲಿದು ಒಣಗಿಸಿದ, ಬಿರುಸಾದ ತೊಗಲೇ ಚಕ್ಕಳ. ಬಡಕಲಾದವನನ್ನು ‘ಮೂಳೆ ಚಕ್ಕಳ ಆಗಿದ್ದಾನೆ’ ಎನ್ನುವಾಗ ನಮ್ಮ ಕಣ್ಣ ಮುಂದೆ ಬರುವುದು ಆ ಒಣಗಿದ, ಬಿಗಿದ ಹೊದಿಕೆ. ‘ಚಕ್ಕಳದ ಗೊಂಬೆಯಾಟ’ ಎಂಬ ಹೆಸರೂ ಬಳಕೆಯಲ್ಲಿದೆ. ಗೊಂಬೆಯ ವಸ್ತುವನ್ನು ಇಷ್ಟು ನಿಖರವಾಗಿ ಹೇಳುವ ಕನ್ನಡದ ಮಾತು ನನಗೆ ಬೇರೆ ಕಂಡಿಲ್ಲ. ಆಟದ ಹೆಸರು ತೊಗಲುಗೊಂಬೆಯಾಟ ಎಂದೇ ಇರಲಿ. ವಸ್ತುವಿನ ವಿವರ ಬರೆಯುವಾಗ ‘ಕೆರೆದು ಒಣಗಿಸಿದ ಮೇಕೆ ಚಕ್ಕಳ’ ಎಂದರೆ ಎಷ್ಟು ಚೆನ್ನ. ಚಕ್ಕಳ ಎಂದೊಡನೆ ಕೆಲವರಿಗೆ ಒರಟು ಎನ್ನಿಸುತ್ತದೆ, ಚರ್ಮ ಎಂದರೆ ಮರ್ಯಾದೆ ಎನ್ನಿಸುತ್ತದೆ. ಈ ಅಳುಕನ್ನು ನಾನು ಒಪ್ಪಲಾರೆ. ಕಸುಬಿನವರ ಮಾತನ್ನು ಒರಟೆಂದು ಬಿಟ್ಟರೆ ಕಸುಬಿನ ಅರಿವೂ ಅದರೊಂದಿಗೆ ಹೋಗುತ್ತದೆ.

ಇನ್ನು ನನ್ನ ಪ್ರಶ್ನೆಗಳು. ಈ ಆಟ ಆಡಿಸುವವರಿಗೆ ಕಿಳ್ಳೇಕ್ಯಾತರು, ಸಿಳ್ಳೇಕ್ಯಾತರು, ಗೊಂಬೆರಾಮರು, ಉತ್ತರದ ಕಡೆ ಕಟಬರು ಎಂದೆಲ್ಲ ಹೆಸರುಗಳಿವೆ. ಮನೆಯೊಳಗೆ ಅವರಾಡುವುದು ಮರಾಠಿಗೆ ಹತ್ತಿರದ ನುಡಿ. ಹಾಗಿದ್ದ ಮೇಲೆ ತೊಗಲಿಗೆ, ಅದನ್ನು ಕೆರೆಯುವ ಉಳಿಗೆ, ಬೆಳಕಿಗಾಗಿ ಕೊರೆಯುವ ತೂತುಗಳಿಗೆ ಅವರದೇ ಮಾತುಗಳು ಇರಲೇಬೇಕಲ್ಲವೆ? ಅವರೊಂದಿಗೆ ಒಡನಾಡಿದವರು ದಯವಿಟ್ಟು ತಿಳಿಸಿ.

ಗೊಂಬೆ ಮಾಡುವುದಕ್ಕೆ ಅವರು ಬಳಸುವ ಕ್ರಿಯಾಪದ ಯಾವುದು? ಕೆತ್ತುವುದೋ, ಕೊರೆಯುವುದೋ, ಬರೆಯುವುದೋ? ರಾಜರು, ದೇವತೆಗಳು ದೊಡ್ಡ ಗೊಂಬೆಗಳು, ಸಾಮಾನ್ಯರು ಚಿಕ್ಕವು ಎಂಬ ಕಟ್ಟಳೆ ಅಲ್ಲಿದೆ. ಇಡೀ ಒಂದು ಸನ್ನಿವೇಶವನ್ನೇ ಒಂದು ತೊಗಲಿನಲ್ಲಿ ತುಂಬಿದ ಗೊಂಬೆಗಳೂ ಇವೆ. ಕೈಕಾಲು ಆಡಿಸುವ ಬಿಡಿ ಗೊಂಬೆಯಿಂದ ಇದನ್ನು ಬೇರೆ ಮಾಡಿ ಹೇಳಲು ಅವರಲ್ಲಿ ಬೇರೆ ಹೆಸರಿದೆಯೆ?

ಕೊನೆಯದು, ಕಿಳ್ಳೇಕ್ಯಾತ ಎಂಬ ಹೆಸರೇ. ಅದು ಆಟದ ಹಾಸ್ಯಗೊಂಬೆಯ ಹೆಸರೂ ಹೌದು. ಅವನ ಜೊತೆಗಾರ್ತಿ ಬಂಗಾರಕ್ಕ. ಗೊಂಬೆಯ ಹೆಸರು ಜನಕ್ಕೆ ಬಂದಿತೋ, ಜನದ ಹೆಸರು ಗೊಂಬೆಗೆ ಬಂದಿತೋ? ಹಳೆಯ ಪಠ್ಯಗಳಲ್ಲೋ ಶಾಸನಗಳಲ್ಲೋ ಈ ಮಾತನ್ನು ಕಂಡವರಿದ್ದರೆ ಆ ಸಾಲನ್ನು ಇಲ್ಲಿ ಹಾಕಬೇಕೆಂದು ಕೋರುತ್ತೇನೆ.